ಹೋಟೆಲಿನ ಜಾಹೀರಾತೂ ಸಣ್ಣಕ್ಷರದ ಷರತ್ತೂ

ನಮ್ಮ ಪಟ್ಟಣಗಳ ಹೋಟೆಲಿನವರು ಈಚಿನ ವರ್ಷಗಳಲ್ಲಿ ದಾನದಲ್ಲಿ ಕರ್ಣನನ್ನೂ ಮೀರಿಸಹೊರಟಿದ್ದಾರೆಂದು ಅವರ ಜಾಹೀರಾತುಗಳನ್ನು ಮಾತ್ರ ಓದಿದವರಿಗೆ ತೋರಬಹುದು. ಒಂದು ಊಟ ಕೊಂಡರೆ ಇನ್ನೊಂದು ಊಟ ಉಚಿತ. ಬೇಕಾದಷ್ಟು ಬಡಿಸಿಕೊಳ್ಳಿರಿ, ಬೆಲೆ ಒಂದೇ. ಅರ್ಧ ಬೆಲೆಗೆ ಬಿರಿಯಾನಿ. ಹುಟ್ಟುಹಬ್ಬದವರಿಗೆ ಬಿಟ್ಟಿ ಭೋಜನ. ಇಂತಹ ವಾಕ್ಯಗಳು ಗೋಡೆಗಳ ಮೇಲೂ ಪತ್ರಿಕೆಗಳಲ್ಲೂ, ಎಲ್ಲಕ್ಕಿಂತ ಹೆಚ್ಚಾಗಿ ಪ್ರತಿಯೊಬ್ಬರ ಅಂಗೈಯಲ್ಲಿರುವ ಮೊಬೈಲಿನಲ್ಲೂ ಬೆಳಗಾದರೆ ಕಣ್ಣಿಗೆ ಬೀಳುತ್ತವೆ. ವಾಕ್ಯದ ಕೊನೆಯಲ್ಲಿ ಒಂದು ಪುಟ್ಟ ನಕ್ಷತ್ರವಿರುತ್ತದೆ. ಆ ನಕ್ಷತ್ರದ ಜಾಡು ಹಿಡಿದು ಕಾಗದದ ಬುಡಕ್ಕೆ ಇಳಿದರೆ, 'ನಿಬಂಧನೆಗಳು ಅನ್ವಯಿಸುತ್ತವೆ' ಎಂಬ ಎರಡು ಮಾತುಗಳು, ಎಳ್ಳುಕಾಳಿನಷ್ಟು ಅಕ್ಷರಗಳಲ್ಲಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ದೊಡ್ಡಕ್ಷರದಲ್ಲಿ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವ ಕೆಲಸವನ್ನು ಆ ಎಳ್ಳುಕಾಳುಗಳಿಗೆ ವಹಿಸಲಾಗಿದೆ.

ದೇಶದ ಮುಂದೆ ಇಷ್ಟು ದೊಡ್ಡ ಪ್ರಶ್ನೆಗಳಿರುವಾಗ ಸಂಪಾದಕರು ತಿಂಡಿಯ ಬಿಲ್ಲನ್ನು ಹಿಡಿದು ಕುಳಿತರೇಕೆ ಎಂದು ಕೆಲವು ಮಹನೀಯರು ಕೇಳಬಹುದು. ಹಣ ಸ್ವಲ್ಪವೇ ಸರಿ. ಆದರೆ ಅದು ದಿನವೂ ಲಕ್ಷಾಂತರ ಜನರ ಕೈಯಿಂದ ಹೋಗುವ ಹಣ. ಮೇಲಾಗಿ ಬರೆದ ಮಾತಿಗೆ ಬೆಲೆಯಿದೆಯೇ ಇಲ್ಲವೇ ಎಂಬುದು ನಾಗರಿಕ ಜೀವನದಲ್ಲಿ ಚಿಕ್ಕ ಪ್ರಶ್ನೆಯಲ್ಲ. ಈ ವಿಚಾರದಲ್ಲಿ ಕೇಂದ್ರ ಸರ್ಕಾರದವರು ನಿಯಮಗಳನ್ನು ಮಾಡಿದ್ದಾರೆ, ದಿಲ್ಲಿಯ ಹೈಕೋರ್ಟು ತೀರ್ಪು ಕೊಟ್ಟಿದೆ. ಇಷ್ಟೆಲ್ಲ ಆದ ಮೇಲೆಯೂ ನಮ್ಮ ಓದುಬರಹ ಬಲ್ಲ ಗೃಹಸ್ಥರು ಬಿಲ್ಲನ್ನು ಓದದೆ ಹಣ ಕೊಟ್ಟು ಬರುತ್ತಿದ್ದಾರೆಂಬುದೇ ಈ ಲೇಖನಕ್ಕೆ ಕಾರಣ.

ಮೊದಲು ಲೆಕ್ಕವನ್ನೇ ನೋಡೋಣ. ಮೊಬೈಲಿನ ಮೂಲಕ ಊಟ ತರಿಸುವವರಿಗೆ ಬರುವ ಕರೆ ಸಾಮಾನ್ಯವಾಗಿ ಹೀಗಿರುತ್ತದೆ: ಶೇಕಡಾ 50 ರಿಯಾಯಿತಿ. ಕೆಳಗೆ ಸಣ್ಣಕ್ಷರದಲ್ಲಿ: 100 ರೂಪಾಯಿಗಳವರೆಗೆ, ಕನಿಷ್ಠ 199 ರೂಪಾಯಿಗಳ ಖರೀದಿಗೆ. ಅಂಕೆಗಳು ಒಂದೊಂದು ಕಡೆ ಒಂದೊಂದು ಬಗೆಯವಾದರೂ ಕಟ್ಟಡ ಒಂದೇ. 199 ರೂಪಾಯಿಗಳ ಊಟ ತರಿಸಿದವನಿಗೆ 99 ರೂಪಾಯಿ 50 ಪೈಸೆ ಉಳಿಯಿತು, ಮಾತು ನಡೆಯಿತು. ನಾಲ್ಕು ಜನರ ಸಂಸಾರಸ್ಥನು 600 ರೂಪಾಯಿಗಳ ಊಟ ತರಿಸಿದರೆ ಅವನಿಗೂ ಉಳಿಯುವುದು 100 ರೂಪಾಯಿಗಳೇ, ಅಂದರೆ ಆರರಲ್ಲೊಂದು ಪಾಲು. ಬಿಲ್ಲು 1000 ರೂಪಾಯಿಗಳಾದರೆ ರಿಯಾಯಿತಿ ಶೇಕಡಾ 10ಕ್ಕೆ ಇಳಿಯಿತು. 199 ರೂಪಾಯಿಗಳಿಗೆ ಕಡಿಮೆಯಾದರೆ ಏನೂ ಇಲ್ಲ. 200ನ್ನು ದಾಟಿದರೆ ಅರ್ಧವಿಲ್ಲ. ಹಾಗಾದರೆ 'ಅರ್ಧ ಬೆಲೆ' ಎಂಬ ಮಾತು ಅಕ್ಷರಶಃ ನಿಜವಾಗುವ ಜಾಗ 199ರಿಂದ 200ರವರೆಗೆ, ಒಂದೇ ಒಂದು ರೂಪಾಯಿಯ ಅಗಲದ್ದು! ಪ್ರಾಥಮಿಕ ಶಾಲೆಯ ಹುಡುಗನು ಬಿಡಿಸಬಲ್ಲ ಈ ಲೆಕ್ಕವನ್ನು, ಕಚೇರಿಯಲ್ಲಿ ಕೋಟಿಗಳ ಕಡತ ನೋಡುವ ಅಧಿಕಾರಿಗಳು ಹಸಿದಾಗ ಬಿಡಿಸುವುದಿಲ್ಲ. ಜಾಹೀರಾತು ಬರೆಯುವವರು ಇದನ್ನು ಚೆನ್ನಾಗಿ ಬಲ್ಲರು.

ಇಷ್ಟಕ್ಕೇ ಮುಗಿಯುವುದಿಲ್ಲ. ಹೋಟೆಲಿಗೆ ಹೋಗಿ ತಿಂದರೆ ಒಂದು ಬೆಲೆ, ಮೊಬೈಲಿನ ಪಟ್ಟಿಯಲ್ಲಿ ಇನ್ನೊಂದು ಬೆಲೆ ಇರುವುದು ಅನೇಕ ಕಡೆ ಕಾಣಬರುತ್ತದೆ. ಗಲ್ಲಾಪೆಟ್ಟಿಗೆಯ ಎದುರು 70 ರೂಪಾಯಿಗಳ ಮಸಾಲೆದೋಸೆ ಮೊಬೈಲಿನಲ್ಲಿ 90 ಆಗಿದೆಯೆಂದಿಟ್ಟುಕೊಳ್ಳಿರಿ. ರಿಯಾಯಿತಿಯನ್ನು ಎಣಿಸುವುದು ಆ 90ರ ಮೇಲೆ. ಆಮೇಲೆ ಕಟ್ಟಿಕೊಡುವ ಡಬ್ಬಿಗೆ ಒಂದು ಮೊತ್ತ, ತಂದುಕೊಡುವವನ ಹೆಸರಿನಲ್ಲಿ ಒಂದು ಮೊತ್ತ, ಮಳೆ ಬಂದರೆ ಒಂದು ಮೊತ್ತ. 2023ರಲ್ಲಿ ಬೆಂಗಳೂರಿನ ಸ್ವಿಗ್ಗಿ ಕಂಪೆನಿಯವರು 'ಪ್ಲಾಟ್‌ಫಾರ್ಮ್ ಶುಲ್ಕ'ವೆಂಬ ಹೊಸದೊಂದನ್ನು 2 ರೂಪಾಯಿಗಳಿಂದ ಆರಂಭಿಸಿದರು; ಅದೇ ವರ್ಷ ಜೊಮ್ಯಾಟೋದವರೂ ಅದೇ 2 ರೂಪಾಯಿಗಳಿಂದ ಹಿಂಬಾಲಿಸಿದರು; ಅನಂತರ ಇಬ್ಬರೂ ಅದನ್ನು ಹಲವು ಬಾರಿ ಏರಿಸಿದರು. ಎರಡು ರೂಪಾಯಿಗೆ ಯಾರು ಜಗಳವಾಡುತ್ತಾರೆ? ಜಗಳವಾಡದಷ್ಟು ಚಿಕ್ಕದಾಗಿ ಒಳಗೆ ಬಂದು ಆಮೇಲೆ ಕಾಲು ಚಾಚಿಕೊಳ್ಳುವುದು ಇಂತಹ ಶುಲ್ಕಗಳ ಸ್ವಭಾವ.

ಹೀಗೆ ಮೊದಲು ಕಡಿಮೆ ಬೆಲೆ ತೋರಿಸಿ, ಕೊನೆಯ ಮೆಟ್ಟಿಲಿನಲ್ಲಿ ಹನಿಹನಿಯಾಗಿ ಬೆಲೆ ಏರಿಸುವುದನ್ನೂ, ಗಿರಾಕಿಯು ಕೇಳದೆಯೇ ಅವನ ಪಟ್ಟಿಯಲ್ಲಿ ಒಂದು ವಸ್ತುವನ್ನೋ ದಾನದ ಹಣವನ್ನೋ ಸೇರಿಸುವುದನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು 2023ರ ನವೆಂಬರ್ 30ರಂದು ಹೊರಡಿಸಿದ ನಿಯಮಗಳಲ್ಲಿ ಹೆಸರಿಟ್ಟು ನಿಷೇಧಿಸಿದ್ದಾರೆ. ಅಂತಹ 13 ಬಗೆಯ ಮೋಸದ ರಚನೆಗಳನ್ನು ಆ ನಿಯಮಗಳು ಎಣಿಸುತ್ತವೆ.

ಹೋಟೆಲಿನೊಳಗೆ ಕುಳಿತು ಉಣ್ಣುವವರಿಗೆ ಬೇರೆ ಬಗೆಯ ಸಣ್ಣಕ್ಷರಗಳಿವೆ. ಒಂದಕ್ಕೊಂದು ಉಚಿತವೆಂಬ ಭೋಜನವು ಸೋಮವಾರದಿಂದ ಗುರುವಾರದವರೆಗೆ ಮಾತ್ರ, ಹಬ್ಬಹುಣ್ಣಿಮೆಗಳಿಗಿಲ್ಲ, ಸಂಜೆ ಏಳರೊಳಗೆ ಬಂದವರಿಗೆ, ಮುಂಗಡ ಜಾಗ ಕಾದಿರಿಸಿದವರಿಗೆ, ಎರಡು ಊಟಗಳಲ್ಲಿ ಕಡಿಮೆ ಬೆಲೆಯದು ಉಚಿತ, ಇಂತಹ ಬ್ಯಾಂಕಿನ ಇಂತಹ ಕಾರ್ಡಿದ್ದರೆ. ಹೀಗೆ ಜರಡಿಯ ಮೇಲೆ ಜರಡಿ ಹಿಡಿದರೆ ಕೊನೆಗೆ ಉಳಿಯುವ ಭಾಗ್ಯವಂತರು ಎಷ್ಟು ಜನ? ಮಕ್ಕಳನ್ನು ಕರೆದುಕೊಂಡು ಬಂದು, ಎಲೆಯ ಮುಂದೆ ಕುಳಿತ ಮೇಲೆ ಈ ಷರತ್ತು ಕಿವಿಗೆ ಬಿದ್ದರೆ ಎದ್ದು ಹೋಗುವ ಧೈರ್ಯ ಮರ್ಯಾದಸ್ಥನಿಗೆ ಬರುವುದಿಲ್ಲ. ಅವನ ಸಂಕೋಚದ ಮೇಲೆಯೇ ವ್ಯಾಪಾರ ನಡೆಯುತ್ತದೆ.

ಇದಕ್ಕೆ ಕಾಯಿದೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮುಖ್ಯವಾದ ಸಂಗತಿಯನ್ನು ಬೇಕೆಂದೇ ಮರೆಮಾಡುವ ಜಾಹೀರಾತನ್ನೂ ದಾರಿತಪ್ಪಿಸುವ ಜಾಹೀರಾತೆಂದೇ ಕರೆಯುತ್ತದೆ. ಮೊದಲ ತಪ್ಪಿಗೆ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಲು ಪ್ರಾಧಿಕಾರಕ್ಕೆ ಅಧಿಕಾರವಿದೆ. 2022ರ ಜೂನ್ 9ರ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ. ಹೇಳಿದ ಬೆಲೆಗೆ ಮಾರುವ ಸಂಭವವೇ ಇಲ್ಲದಿರುವಾಗ ಗಾಳದ ಎರೆಯಂತೆ ಆ ಬೆಲೆಯನ್ನು ತೋರಿಸಕೂಡದು. ಕಟ್ಟುವುದಕ್ಕೂ ಪೊಟ್ಟಣಕ್ಕೂ ನಿರ್ವಹಣೆಗೂ ಹಣ ತೆಗೆದುಕೊಂಡು, ಒಳಗಿರುವ ಪದಾರ್ಥವನ್ನು 'ಉಚಿತ'ವೆನ್ನಕೂಡದು. ಉಚಿತದ ನೆಪದಲ್ಲಿ, ಜತೆಗೆ ಕೊಳ್ಳಬೇಕಾದ ವಸ್ತುವಿನ ಬೆಲೆ ಏರಿಸಕೂಡದು, ಗುಣ ಇಳಿಸಕೂಡದು. ಷರತ್ತಿನ ವಿಷಯಕ್ಕೆ ಬಂದರೆ, ಅದು ಮುಖ್ಯ ವಾಕ್ಯದ ಸುಳ್ಳನ್ನು ತಿದ್ದುವ ಸಾಧನವಾಗಕೂಡದು. ಮುಖ್ಯ ವಾಕ್ಯವು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಅದೇ ಬಗೆಯ ಅಕ್ಷರದಲ್ಲಿ ಇರಬೇಕು.

ಈ ಕೊನೆಯ ಮಾತನ್ನು ಕನ್ನಡಿಗರು ಎರಡು ಬಾರಿ ಓದಬೇಕೆಂದು ನಮ್ಮ ಬಿನ್ನಹ. 2024ರಲ್ಲಿ ನಮ್ಮ ಶಾಸನಸಭೆಯು ಅಂಗಡಿ ಹೋಟೆಲುಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕೆಂದು ಕಾಯಿದೆಯನ್ನು ತಿದ್ದಿತು. ಸಂತೋಷ. ಫಲಕಗಳು ಬದಲಾದುವು, ಗಿರಾಕಿಯನ್ನು ಒಳಗೆ ಕರೆಯುವ ಮಾತು ಕನ್ನಡದಲ್ಲಿ ಬಂತು. ಒಳಗೆ ಹೋದ ಮೇಲೆ ತಿಂಡಿಯ ಪಟ್ಟಿಯನ್ನೂ ಅದರ ಬುಡದ ಷರತ್ತನ್ನೂ ತೆಗೆದು ನೋಡಿರಿ. ಕರೆಯುವುದಕ್ಕೆ ಕನ್ನಡ, ಕೈಬಿಡುವುದಕ್ಕೆ ಇಂಗ್ಲಿಷು! ಹಬ್ಬದ ಜಾಹೀರಾತಿನಲ್ಲಿ 'ಉಚಿತ' ಎಂಬುದನ್ನು ಕನ್ನಡದಲ್ಲಿ ಅಂಗೈಯಗಲ ಬರೆಸಿ, ಷರತ್ತನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸುವವನು ಭಾಷಾಭಿಮಾನಕ್ಕೆ ಮಾತ್ರವಲ್ಲ, 2022ರ ನಿಯಮಕ್ಕೂ ತಪ್ಪುತ್ತಿದ್ದಾನೆ. ನಾಮಫಲಕವನ್ನು ಅಳತೆಪಟ್ಟಿ ಹಿಡಿದು ಅಳೆದ ನಮ್ಮ ಅಧಿಕಾರಿಗಳು ಇನ್ನು ಹತ್ತು ಹೆಜ್ಜೆ ಒಳಗೆ ಹೋಗಿ ಆ ಪಟ್ಟಿಯನ್ನೂ ನೋಡಬೇಕಾಗಿದೆ.

ಈಗ ಸೇವಾಶುಲ್ಕದ ಪ್ರಸಂಗ. ಸಣ್ಣಕ್ಷರದ ವಾದವು ನ್ಯಾಯಸ್ಥಾನದವರೆಗೆ ಹೋಗಿ ಪರೀಕ್ಷೆಗೆ ನಿಂತದ್ದು ಇದರಲ್ಲಿಯೇ. ದೊಡ್ಡ ಪಟ್ಟಣಗಳ ಅನೇಕ ಉಪಾಹಾರಗೃಹಗಳು ಬಿಲ್ಲಿನ ಕೊನೆಯಲ್ಲಿ ಸೇವಾಶುಲ್ಕವೆಂದು ಸಾಮಾನ್ಯವಾಗಿ ಶೇಕಡಾ 10ರಷ್ಟು ಸೇರಿಸುತ್ತ ಬಂದುವು. ಇದು ಸರ್ಕಾರದ ತೆರಿಗೆಯಲ್ಲ. ಒಂದು ಕಾಸೂ ಖಜಾನೆಗೆ ಸೇರುವುದಿಲ್ಲ. ಆದರೆ ಬಿಲ್ಲಿನಲ್ಲಿ ಅದು ತೆರಿಗೆಯ ನೆರೆಮನೆಯಲ್ಲೇ ವಾಸಮಾಡುತ್ತದೆ. ಸಿ.ಜಿ.ಎಸ್.ಟಿ., ಎಸ್.ಜಿ.ಎಸ್.ಟಿ. ಎಂಬ ಸಾಲುಗಳ ಪಕ್ಕದಲ್ಲಿ 'ಎಸ್.ಸಿ.' ಎಂದು ಎರಡಕ್ಷರ ಕಂಡರೆ ಇದೂ ಅರಸನ ಪಾಲೇ ಇರಬೇಕೆಂದು ಸಾಧುಮನುಷ್ಯನು ತಿಳಿಯುತ್ತಾನೆ. ತಿಂದ ಪದಾರ್ಥದ ಬೆಲೆ 1000 ರೂಪಾಯಿ ಎನ್ನೋಣ. ಶೇಕಡಾ 5ರ ತೆರಿಗೆ ಸೇರಿ 1050 ಆಗಬೇಕು. ಸೇವಾಶುಲ್ಕ 100 ಸೇರಿಸಿ, ಆ 1100ರ ಮೇಲೆ ತೆರಿಗೆ ಎಣಿಸಿದರೆ 1155 ಆಗುತ್ತದೆ. ಸ್ವಇಚ್ಛೆಯಿಂದ ಕೊಡಬೇಕಾದ ಭಕ್ಷೀಸಿನ ಮೇಲೂ ತೆರಿಗೆ ತೆತ್ತು ಬಂದಂತಾಯಿತು.

ಗ್ರಾಹಕ ಇಲಾಖೆಯವರು 2017ರಲ್ಲಿಯೇ ಇದು ಐಚ್ಛಿಕವೆಂದು ತಿಳಿಸಿದ್ದರು. ಅದು ಫಲಿಸದಿರಲು 2022ರ ಜುಲೈ 4ರಂದು ಪ್ರಾಧಿಕಾರವು ನಿಯಮ ಹೊರಡಿಸಿತು: ಬಿಲ್ಲಿನಲ್ಲಿ ತಾನಾಗಿ ಸೇರಿಸಕೂಡದು, ಬೇರೆ ಹೆಸರಿನಿಂದಲೂ ವಸೂಲು ಮಾಡಕೂಡದು, ಕೊಡದವನಿಗೆ ಪ್ರವೇಶ ನಿರಾಕರಿಸಕೂಡದು, ಊಟದ ಬೆಲೆಗೆ ಕೂಡಿಸಿ ಮೊತ್ತದ ಮೇಲೆ ತೆರಿಗೆ ಹಾಕಕೂಡದು. ಹೋಟೆಲು ಮಾಲಿಕರ ಎರಡು ಅಖಿಲ ಭಾರತ ಸಂಘಗಳು ದಿಲ್ಲಿ ಹೈಕೋರ್ಟಿಗೆ ಹೋದುವು. ಅದೇ ತಿಂಗಳು ತಡೆಯಾಜ್ಞೆ ದೊರೆಯಿತು. ಸುಮಾರು ಎರಡು ವರ್ಷ ಎಂಟು ತಿಂಗಳು ನಿಯಮವು ಕಾಗದದ ಮೇಲೆ ಮಲಗಿತ್ತು.

ಮಾಲಿಕರ ವಾದದಲ್ಲಿ ಕೇಳಬೇಕಾದ ಅಂಶವೊಂದುಂಟು. ಶುಲ್ಕದ ವಿಷಯವನ್ನು ನಾವು ಪಟ್ಟಿಯಲ್ಲಿ ಅಚ್ಚು ಹಾಕಿಸಿದ್ದೇವೆ. ಅದನ್ನು ನೋಡಿಯೂ ಗಿರಾಕಿಯು ತಿಂಡಿ ಕೇಳಿದರೆ ಒಪ್ಪಿದಂತಾಯಿತು. ಇದು ಎರಡು ಪಕ್ಷಗಳ ನಡುವಿನ ಕರಾರು, ಸರ್ಕಾರಕ್ಕೆ ಇಲ್ಲೇನು ಕೆಲಸ ಎಂಬುದು ಅದರ ಸಾರ. ಕೇಳಲು ನ್ಯಾಯವಾಗಿಯೇ ತೋರುತ್ತದೆ. ಆದರೆ ಕರಾರೆಂದರೆ ಎರಡು ಮನಸ್ಸುಗಳು ಕೂಡಬೇಕು. ಒಬ್ಬನು ಬರೆದು, ಇನ್ನೊಬ್ಬನು ಓದಲಾರದಂತೆ ಬರೆದು, ಅವನು ಹಸಿದು ಕುಳಿತಿರುವಾಗ ಅವನ ಮೌನವನ್ನು ಸಮ್ಮತಿಯೆಂದು ಎಣಿಸಿಕೊಳ್ಳುವುದನ್ನು ಕರಾರೆಂದು ಕರೆದರೆ ಆ ಪದಕ್ಕೆ ಅಪಚಾರ. 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅವರು ಈ ವಾದವನ್ನು ಒಪ್ಪದೆ ಪ್ರಾಧಿಕಾರದ ನಿಯಮಗಳನ್ನು ಎತ್ತಿಹಿಡಿದರು. ಕಡ್ಡಾಯದ ವಸೂಲಿಯು ನ್ಯಾಯವಲ್ಲದ ವ್ಯಾಪಾರಪದ್ಧತಿಯೆಂದರು. ಎರಡು ಸಂಘಗಳ ಮೇಲೂ ತಲಾ ಒಂದು ಲಕ್ಷ ರೂಪಾಯಿ ಖರ್ಚು ಹೊರಿಸಿದರು. ಮುಂದಿನ ತಿಂಗಳಲ್ಲಿಯೇ ದಿಲ್ಲಿಯ ಐದು ಉಪಾಹಾರಗೃಹಗಳಿಗೆ ಹಣ ಹಿಂದಿರುಗಿಸುವ ವಿಷಯದಲ್ಲಿ ನೋಟೀಸು ಹೋಯಿತು.

ಸಂಘಗಳು ಮೇಲ್ಮನವಿ ಹೂಡಿದುವು. 2025ರ ಆಗಸ್ಟಿನಲ್ಲಿ ವಿಚಾರಣೆ ನಡೆದಾಗ ವಿಭಾಗೀಯ ಪೀಠವು ಕೇಳಿದ ಪ್ರಶ್ನೆ ಸ್ವಾರಸ್ಯವಾದುದು: 20 ರೂಪಾಯಿಗಳ ನೀರಿನ ಬಾಟಲಿಗೆ 100 ರೂಪಾಯಿ ತೆಗೆದುಕೊಳ್ಳುವಾಗ ಸ್ಥಳದ ಸೊಗಸಿಗೂ ಸೇವೆಗೂ ಹಣ ಸಂದಂತಾಗಲಿಲ್ಲವೇ, ಮತ್ತೆ ಸೇವಾಶುಲ್ಕವೇಕೆ? ಇದರ ಹಿನ್ನೆಲೆ ತಿಳಿದಿರಬೇಕು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹೋಟೆಲಿನವರು ಮಾರುವುದು ಬರಿಯ ನೀರನ್ನಲ್ಲ, ಸೇವೆಯನ್ನೂ ಕೂಡಿಯೇ. ಆದುದರಿಂದ ಬಾಟಲಿಯ ಮೇಲೆ ಅಚ್ಚಾದ ಗರಿಷ್ಠ ಬೆಲೆಗೆ ಅವರು ಬದ್ಧರಲ್ಲವೆಂದು ತೀರ್ಪಿತ್ತಿತು. ಆಗ ಸೇವೆಯು ಬೆಲೆಯೊಳಗೆ ಸೇರಿದೆಯೆಂದು ಗೆದ್ದವರೇ ಈಗ ಸೇವೆಯು ಬೆಲೆಯ ಹೊರಗಿದೆಯೆಂದು ವಾದಿಸಬೇಕಾಗಿ ಬಂದಿದೆ. ಒಂದೇ ಎಮ್ಮೆಯ ಹಾಲನ್ನು ಎರಡು ಮನೆಗೆ ಮಾರಿದಂತಾಯಿತು.

ಮಾಣಿಗಳ ಹೊಟ್ಟೆಗೆ ಕಲ್ಲು ಹಾಕುತ್ತಿದ್ದೀರೆಂದು ಕೆಲವರು ನಮ್ಮನ್ನು ದೂರಬಹುದು. ಮಾಣಿಗೂ ಅಡಿಗೆಯವನಿಗೂ ಸಂಬಳ ಸಾಲದೆಂಬುದು ನಿಜ. ಅದು ನಮಗೂ ಸಂಕಟದ ವಿಷಯ. ಅದಕ್ಕೆ ಮಾರ್ಗ ಸರಳವಾಗಿದೆ. ದೋಸೆಯ ಬೆಲೆಯನ್ನು ಐದು ರೂಪಾಯಿ ಏರಿಸಿ, ಏರಿಸಿದ್ದೇವೆಂದು ಬರೆದು ಹಾಕಲಿ. ಸಂಬಳವನ್ನು ಮಾಲಿಕನು ಕೊಡಲಿ. ಸೇವಾಶುಲ್ಕದ ಹಣವೆಲ್ಲ ಕೆಲಸಗಾರರಿಗೇ ಸೇರುತ್ತದೆಂದು ತಿಳಿಯುವ ಉಪಾಯ ಗಿರಾಕಿಗೆ ಯಾವುದೂ ಇಲ್ಲ. ಆದರೆ ತಟ್ಟೆಯ ಪಕ್ಕದಲ್ಲಿ ತಾನಾಗಿ ಇಟ್ಟ ಹತ್ತು ರೂಪಾಯಿ ಯಾರ ಜೇಬಿಗೆ ಹೋಯಿತೆಂಬುದನ್ನು ಅವನು ಕಣ್ಣಾರೆ ಕಾಣುತ್ತಾನೆ.

ಹೋಟೆಲಿನ ಉದ್ಯಮವನ್ನೇ ಹಳಿಯುವುದು ನಮ್ಮ ಉದ್ದೇಶವಲ್ಲ. ಉಡುಪಿಯ ಕಡೆಯಿಂದ ಬರಿಗೈಯಲ್ಲಿ ಹೊರಟು ಮುಂಬಯಿ, ಮದರಾಸು, ಬೆಂಗಳೂರುಗಳಲ್ಲಿ ಶುಚಿ ರುಚಿಗಳಿಂದ ಹೆಸರು ಗಳಿಸಿದ ನಮ್ಮವರು ಕನ್ನಡನಾಡಿಗೆ ಭೂಷಣಪ್ರಾಯರು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿಗಳನ್ನು ನೋಡಿರಿ. ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬೆಲೆಯ ಫಲಕ. ಮೊದಲು ಹಣ, ಆಮೇಲೆ ಚೀಟಿ, ಆಮೇಲೆ ತಿಂಡಿ. ನಿಂತು ತಿಂದು ಕೈತೊಳೆದು ಹೊರಟರೆ ವ್ಯವಹಾರ ಮುಗಿಯಿತು. ಸೊಗಸು ಕಡಿಮೆಯಿರಬಹುದು, ಆದರೆ ಇಡ್ಲಿ ಬಾಯಿಗೆ ಹೋಗುವ ಮುಂಚೆಯೇ ಅದರ ಪೂರ್ತಿ ಬೆಲೆ ಗೊತ್ತು. ಜಾಹೀರಾತಿನ ಗದ್ದಲದಲ್ಲಿ ಮೊದಲು ನಷ್ಟಪಡುವವನು ಇಂತಹ ನೇರ ವ್ಯಾಪಾರಿಯೇ. ಅವನ 70 ರೂಪಾಯಿಗಳ ದೋಸೆ ಪಕ್ಕದವನ 'ಅರ್ಧ ಬೆಲೆ'ಯ ದೋಸೆಯ ಮುಂದೆ ದುಬಾರಿಯಾಗಿ ಕಾಣುತ್ತದೆ.

ಈ ಚಾಳಿ ನಮ್ಮ ದೇಶದ್ದು ಮಾತ್ರವೆಂದೂ ತಿಳಿಯಬಾರದು. ಅಮೆರಿಕದ ಫ್ಲೋರಿಡಾ ಪ್ರಾಂತದಲ್ಲಿ ಹೂಟರ್ಸ್ ಎಂಬ ಉಪಾಹಾರಗೃಹದಲ್ಲಿ 2001ರಲ್ಲಿ, ಹೆಚ್ಚು ಬಿಯರು ಮಾರಿದ ಪರಿಚಾರಿಕೆಗೆ ಟೊಯೋಟಾ ಬಹುಮಾನವೆಂದು ಸಾರಿದರಂತೆ. ಗೆದ್ದವಳ ಕಣ್ಣಿಗೆ ಬಟ್ಟೆ ಕಟ್ಟಿ ಹೊರಗೆ ಕರೆದೊಯ್ದು ಕೈಗೆ ಕೊಟ್ಟದ್ದು 'ಟಾಯ್ ಯೋಡಾ', ಅಂದರೆ ಯೋಡಾ ಎಂಬ ಸಿನಿಮಾ ಪಾತ್ರದ ಬೊಂಬೆ. ಆಕೆ ದಾವೆ ಹೂಡಿದಳು, ಮರುವರ್ಷ ರಾಜಿಯಾಯಿತು. ಅದೇ ದೇಶದಲ್ಲಿ ಸಬ್‌ವೇ ಕಂಪೆನಿಯ ಒಂದಡಿ ಉದ್ದದ ಬ್ರೆಡ್ಡು ಹನ್ನೊಂದೇ ಅಂಗುಲವಿದೆಯೆಂದು 2013ರಲ್ಲಿ ಎದ್ದ ದಾವೆಗಳು 2017ರವರೆಗೆ ನಡೆದುವು. ಅಲ್ಲಿ ಆದ ರಾಜಿಯಿಂದ ವಕೀಲರಿಗೆ ಹೊರತು ತಿನ್ನುವವರಿಗೆ ಏನೂ ಪ್ರಯೋಜನವಿಲ್ಲವೆಂದು ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಹಿಟ್ಟಿನ ತೂಕ ಸರಿಯಾಗಿದ್ದು, ಒಲೆಯಲ್ಲಿ ಬೇಯುವಾಗ ಅಂಗುಲ ಹೆಚ್ಚುಕಡಿಮೆಯಾದುದನ್ನು ಹಿಡಿದು ಜಗ್ಗುವುದು ನಮಗೂ ಒಪ್ಪಿಗೆಯಲ್ಲ. ವಡೆಗೆ ಅಳತೆಪಟ್ಟಿ ಬೇಡ.

ಷರತ್ತೇ ಇಲ್ಲದೆ ವ್ಯಾಪಾರ ಸಾಧ್ಯವೇ ಎಂಬ ಪ್ರಶ್ನೆಗೂ ಅಲ್ಲಿಯ ಒಂದು ಉದಾಹರಣೆಯಿದೆ. ರೆಡ್ ಲಾಬ್‌ಸ್ಟರ್ ಕಂಪೆನಿಯವರು 2023ರಲ್ಲಿ 20 ಡಾಲರಿಗೆ ಎಷ್ಟು ಬೇಕಾದರೂ ಸಿಗಡಿ ತಿನ್ನಿರೆಂದು ಸಾರಿ, ಆ ಕೊಡುಗೆಯಿಂದ 1 ಕೋಟಿ 10 ಲಕ್ಷ ಡಾಲರುಗಳಷ್ಟು ಕಳೆದುಕೊಂಡರು. 2024ರ ಮೇಯಲ್ಲಿ ದಿವಾಳಿಯ ಅರ್ಜಿ ಹಾಕಿದರು. ಅದಕ್ಕೆ ಸಾಲ, ಬಾಡಿಗೆ ಮುಂತಾದ ಕಾರಣಗಳೂ ಇದ್ದುವು. ಇಂತಹ ಗತಿ ಬಾರದಂತೆ ಮಿತಿ ಹಾಕಿಕೊಳ್ಳುವ ಹಕ್ಕು ವ್ಯಾಪಾರಿಗುಂಟು. 'ಅನ್ನ ಎರಡು ಬಾರಿ ಮಾತ್ರ' ಎಂದು ಬಾಗಿಲಲ್ಲೇ ಬರೆದ ಖಾನಾವಳಿಯವನ ಮೇಲೆ ನಮ್ಮ ದೂರಿಲ್ಲ. ಮಿತಿಯನ್ನು ಮಿತಿಯಿಲ್ಲವೆಂಬ ಮಾತಿನ ಕೆಳಗೆ ಬಚ್ಚಿಟ್ಟವನ ಮೇಲೆ ಮಾತ್ರ.

ಪತ್ರಿಕೆಯವರೂ ಈ ವ್ಯವಹಾರದ ಹೊರಗಿನವರಲ್ಲ. ದಾರಿತಪ್ಪಿಸುವ ಜಾಹೀರಾತನ್ನು ಪ್ರಕಟಿಸಿದವರಿಗೂ 10 ಲಕ್ಷದವರೆಗೆ ದಂಡ ಹಾಕಲು 2019ರ ಕಾಯಿದೆಯಲ್ಲಿ ಎಡೆಯಿದೆ. ವ್ಯಾಪಾರದ ಸಾಮಾನ್ಯ ಕ್ರಮದಲ್ಲಿ ಪ್ರಕಟಿಸಿದೆವೆಂದು ತೋರಿಸಿಕೊಟ್ಟವರಿಗೆ ವಿನಾಯಿತಿಯೂ ಉಂಟು. ಆ ವಿನಾಯಿತಿಯ ನೆರಳಿನಲ್ಲಿ ನಿದ್ದೆ ಮಾಡುವುದು ಪತ್ರಿಕಾವೃತ್ತಿಗೆ ಶೋಭಿಸದು. ಷರತ್ತನ್ನು ಓದಲು ಬರುವಷ್ಟು ದೊಡ್ಡದಾಗಿ, ಕನ್ನಡದಲ್ಲಿ ಬರೆದುಕೊಡಿರೆಂದು ಜಾಹೀರಾತಿನವರನ್ನು ಕೇಳುವುದು ಪತ್ರಿಕಾಧಿಪತಿಯ ಹಕ್ಕೂ ಹೌದು, ಕರ್ತವ್ಯವೂ ಹೌದು. ವರ್ಷಕ್ಕೆ ಕೆಲವು ಅಂಕಣಗಳು ನಷ್ಟವಾದರೆ ಆಗಲಿ.

ಇನ್ನು ವಾಚಕರ ಕೆಲಸ. ಸೇವಾಶುಲ್ಕವಿರುವ ಬಿಲ್ಲು ಬಂದರೆ ಅದನ್ನು ತೆಗೆದುಹಾಕಿರೆಂದು ಮೊದಲು ಮರ್ಯಾದೆಯಿಂದ ಕೇಳಬಹುದು. ಒಪ್ಪದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರವಾಣಿ ಮಾಡಬಹುದು; ಅಲ್ಲಿ ಕನ್ನಡವೂ ನಡೆಯುತ್ತದೆ. ಜಿಲ್ಲಾಧಿಕಾರಿಗಳಿಗೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿಗಳೊಳಗಿನ ವ್ಯವಹಾರಕ್ಕೆ ಅರ್ಜಿಯ ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಟ್ಟಳೆಯೂ ಇಲ್ಲ. ಇದಕ್ಕೆಲ್ಲ ಬೇಕಾದುದು ಎರಡೇ ಕಾಗದ: ಹಣ ಕೊಟ್ಟ ಬಿಲ್ಲು, ಮತ್ತು ಕರೆದ ಜಾಹೀರಾತು. ಬಿಲ್ಲನ್ನು ಎಲೆಯಡಿಕೆಯೊಂದಿಗೆ ಮುದುರಿ ಎಸೆಯದೆ ಜೇಬಿನಲ್ಲಿಟ್ಟುಕೊಳ್ಳಬೇಕು. ಮೊಬೈಲಿನ ಜಾಹೀರಾತನ್ನಂತೂ ಕಂಡ ಕೂಡಲೇ ಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು. ಮಧ್ಯಾಹ್ನದ ಕೊಡುಗೆ ಸಂಜೆಗೆ ಅಲ್ಲಿರುವುದಿಲ್ಲ.